ನಿಂತ ಹೃದಯವನ್ನು ಮರಳಿ ನಡೆಯಿಸುವ ವಿದ್ಯೆ

ಮನುಷ್ಯನು ಹುಟ್ಟುವ ಮೊದಲೇ ಕೆಲಸಕ್ಕೆ ತೊಡಗಿ, ಅವನ ಕೊನೆಯ ಉಸಿರಿನವರೆಗೆ ಒಂದು ದಿನದ ರಜೆಯನ್ನೂ ಬೇಡದೆ ದುಡಿಯುವ ಸೇವಕನೊಬ್ಬನು ನಮ್ಮೆಲ್ಲರ ಎದೆಯಲ್ಲಿದ್ದಾನೆ. ಅವನ ಹೆಸರು ಹೃದಯ. ಅವನು ದುಡಿಯುತ್ತಿರುವಾಗ ನಾವು ಅವನನ್ನು ನೆನೆಯುವುದಿಲ್ಲ. ಅವನು ನಿಂತಾಗ ನೆನೆಯಲು ನಮಗೆ ಸಮಯವಿರುವುದಿಲ್ಲ. ಹೀಗೆ ನಿಂತುಹೋದ ಹೃದಯವನ್ನು ಮತ್ತೆ ನಡೆಯಿಸಲು ವೈದ್ಯರೂ ದಾದಿಯರೂ ಪಡೆಯುವ ವಿಶೇಷ ಶಿಕ್ಷಣವೊಂದುಂಟು. ಆ ಶಿಕ್ಷಣದ ಸ್ವರೂಪವೇನು, ಅದು ಹೇಗೆ ಬೆಳೆದುಬಂದಿತು, ನಾವು ನೆಲೆಸಿರುವ ಈ ಗೋವೆಯಲ್ಲಿ ಅದರ ಪ್ರಯೋಜನವೇನು, ಅದರಲ್ಲಿ ವಿದ್ಯಾರ್ಥಿಗಳ ಪಾಲೆಷ್ಟು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮಂಟಪದಲ್ಲಿ ನಾವು ಊಟಕ್ಕೆ ಕುಳಿತಿದ್ದೆವು. ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು ಏಳುವಾಗಲೇ ಕುಸಿದುಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಬೀಸಣಿಗೆ ಬೀಸಿದರು, ಮತ್ತೊಬ್ಬರು ಕೈಯಲ್ಲಿ ಕಬ್ಬಿಣದ ಬೀಗದಕೈ ಇಟ್ಟರು. ವಾಹನ ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಮಂಟಪದಲ್ಲಿ ಇನ್ನೂರು ಜನರಿದ್ದೆವು, ಎಂದರೆ ನಾನೂರು ಕೈಗಳು. ಅವುಗಳಲ್ಲಿ ಎರಡು ಕೈಗಳಾದರೂ ಏನು ಮಾಡತಕ್ಕದ್ದೆಂದು ಅರಿತಿರಲಿಲ್ಲ. ನಮ್ಮ ಕೈಗಳೂ ಅರಿತಿರಲಿಲ್ಲ. ಆ ಹಿರಿಯರು ಉಳಿಯಲಿಲ್ಲ. ಎರಡು ಕೈಗಳು ಅರಿತಿದ್ದರೆ ಉಳಿಯುತ್ತಿದ್ದರೇ ಎಂಬುದನ್ನು ಯಾರೂ ಹೇಳಲಾರರು. ಆದರೆ ಉಳಿಯುವ ಅವಕಾಶವನ್ನೇ ನಾವು ಅವರಿಗೆ ಕೊಡಲಿಲ್ಲವೆಂಬುದು ಮಾತ್ರ ನಿಜ.

1. ಹೃದಯದ ಕೆಲಸ

ಹೃದಯವು ಅವರವರ ಮುಷ್ಟಿಯಷ್ಟು ದೊಡ್ಡದಾದ ಒಂದು ಸ್ನಾಯುವಿನ ಚೀಲ. ಅದರಲ್ಲಿ ನಾಲ್ಕು ಕೋಣೆಗಳಿವೆ. ನಿಮಿಷಕ್ಕೆ 72 ಸಲ ಅದು ಮಿಡಿಯುವುದೆಂದು ಇಟ್ಟುಕೊಂಡರೆ, ಗಂಟೆಗೆ 4,320 ಸಲ, ದಿನಕ್ಕೆ 1,03,680 ಸಲ ಮಿಡಿಯಿತು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೂಡುತ್ತದೆ. ದಿನವೊಂದಕ್ಕೆ 7,200 ಲೀಟರು. ಹೊಲಕ್ಕೆ ನೀರೆತ್ತುವ ಯಂತ್ರವೂ ಇಷ್ಟು ನಿಷ್ಠೆಯಿಂದ ದುಡಿಯಲಾರದು.

ಈ ಮಿಡಿತಕ್ಕೆ ಅಪ್ಪಣೆ ಕೊಡುವವರು ಯಾರು? ಹೃದಯದ ಮೇಲ್ಭಾಗದ ಬಲಗೋಣೆಯಲ್ಲಿ ಒಂದು ಚಿಕ್ಕ ಕೇಂದ್ರವಿದೆ. ಅಲ್ಲಿ ಹುಟ್ಟುವ ಅತಿಸೂಕ್ಷ್ಮವಾದ ವಿದ್ಯುತ್ತು ಹೃದಯದ ಸ್ನಾಯುಗಳಲ್ಲೆಲ್ಲ ಕ್ರಮವಾಗಿ ಹರಿದು, ಅವೆಲ್ಲವೂ ಒಂದೇ ತಾಳಕ್ಕೆ ಸಂಕುಚಿಸುವಂತೆ ಮಾಡುತ್ತದೆ. ನಮ್ಮ ಕರಾವಳಿಯ ಮಕ್ಕಳು ರಂಪಣಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ನೋಡಿರಬಹುದು. ಹತ್ತಾರು ಜನರು ಹಗ್ಗ ಹಿಡಿದು, ಒಂದೇ ಕೂಗಿಗೆ ಒಟ್ಟಾಗಿ ಎಳೆದರೆ ಬಲೆ ದಡಕ್ಕೆ ಬರುತ್ತದೆ. ಪ್ರತಿಯೊಬ್ಬನೂ ತನಗೆ ತೋಚಿದಾಗ ಎಳೆದರೆ? ಎಲ್ಲರೂ ಬೆವರುತ್ತಾರೆ, ಬಲೆ ಮಾತ್ರ ಕದಲುವುದಿಲ್ಲ. ಹೃದಯದ ಸ್ನಾಯುತಂತುಗಳು ಹೀಗೆ ತಾಳ ತಪ್ಪಿ, ತಮ್ಮ ತಮ್ಮಷ್ಟಕ್ಕೆ ನಡುಗುವ ಸ್ಥಿತಿಯೊಂದುಂಟು. ವೈದ್ಯರು ಅದನ್ನು ಫಿಬ್ರಿಲೇಷನ್ ಎನ್ನುತ್ತಾರೆ. ಆಗ ಹೃದಯವು ಅಲುಗುತ್ತಿದ್ದರೂ ರಕ್ತವು ಮುಂದಕ್ಕೆ ಹರಿಯುವುದಿಲ್ಲ.

2. ಆಘಾತವೂ ಸ್ತಂಭನವೂ ಒಂದೇ ಅಲ್ಲ

ಹೃದಯಾಘಾತ, ಹೃದಯಸ್ತಂಭನ ಎಂಬ ಎರಡು ಮಾತುಗಳನ್ನು ಜನರು ಒಂದೇ ಅರ್ಥದಲ್ಲಿ ಬಳಸುವುದುಂಟು. ಇದು ಸರಿಯಲ್ಲ. ಹೃದಯಕ್ಕೇ ರಕ್ತವನ್ನು ಒದಗಿಸುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಿ, ಆ ಭಾಗದ ಸ್ನಾಯು ಸಾಯತೊಡಗುವುದು ಹೃದಯಾಘಾತ. ಆಗ ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಎದೆಯ ಮೇಲೆ ಕಲ್ಲು ಹೇರಿದಂತಹ ಭಾರ, ಎಡತೋಳಿಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು, ತಣ್ಣನೆಯ ಬೆವರು, ಏದುಸಿರು ಇದರ ಲಕ್ಷಣಗಳು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವಿಲ್ಲದೆ ಬರಿಯ ಆಯಾಸವೋ ವಾಕರಿಕೆಯೋ ಕಾಣಿಸಬಹುದು.

ಹೃದಯಸ್ತಂಭನವೆಂದರೆ ಹೃದಯವು ರಕ್ತವನ್ನು ದೂಡುವುದೇ ನಿಂತುಹೋಗುವುದು. ಮನುಷ್ಯನು ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತಾನೆ. ಉಸಿರು ನಿಲ್ಲುತ್ತದೆ, ಇಲ್ಲವೇ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುವಂತಾಗುತ್ತದೆ. ಈ ಏದುವಿಕೆಯನ್ನು ಉಸಿರಾಟವೆಂದು ಭಾವಿಸಿ ಸುಮ್ಮನಿರುವುದು ದೊಡ್ಡ ತಪ್ಪು. ರಕ್ತವಿಲ್ಲದ ಮೆದುಳು ನಾಲ್ಕೈದು ನಿಮಿಷಗಳಲ್ಲಿಯೇ ಕೆಡತೊಡಗುತ್ತದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆಂದು ವೈದ್ಯರು ಲೆಕ್ಕಹಾಕಿದ್ದಾರೆ.

ಹೃದಯಾಘಾತವು ಸ್ತಂಭನಕ್ಕೆ ಕಾರಣವಾಗಬಹುದು. ನೀರಿನಲ್ಲಿ ಮುಳುಗುವುದು, ವಿದ್ಯುತ್ತಿನ ತಂತಿ ತಗಲುವುದು, ವಿಷ, ಅತಿಯಾದ ರಕ್ತಸ್ರಾವ ಇವೂ ಕಾರಣಗಳಾಗಬಹುದು.

3. ಈ ವಿದ್ಯೆ ಬೆಳೆದುಬಂದ ಬಗೆ

ನಿಂತ ಹೃದಯವು ಮತ್ತೆ ನಡೆಯಬಲ್ಲದೆಂಬ ನಂಬಿಕೆಯೇ ಹೊಸದು. 1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯರು ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಶಸ್ತ್ರಕ್ರಿಯೆ ನಡೆಯಿಸುತ್ತಿದ್ದಾಗ ಅವನ ಹೃದಯವು ತಾಳ ತಪ್ಪಿತು. ಅವರು ತೆರೆದ ಎದೆಯೊಳಗೆ ಹೃದಯವನ್ನು ಕೈಯಿಂದ ಅಮುಕುತ್ತ, ಕೊನೆಗೆ ನೇರವಾಗಿ ವಿದ್ಯುತ್ತಿನ ಆಘಾತವನ್ನು ಕೊಟ್ಟರು. ಹುಡುಗನು ಬದುಕಿದನು. ಎದೆಯನ್ನು ತೆರೆಯದೆ ಹೊರಗಿನಿಂದಲೇ ಆಘಾತ ಕೊಡುವ ಕ್ರಮವನ್ನು 1956ರಲ್ಲಿ ಪಾಲ್ ಝೋಲ್ ಎಂಬುವರು ತೋರಿಸಿಕೊಟ್ಟರು.

ಆದರೆ ಯಂತ್ರವು ಬರುವವರೆಗೆ ಮಾಡುವುದೇನು? ಇದಕ್ಕೆ ಉತ್ತರವು ಅಕಸ್ಮಾತ್ತಾಗಿ ದೊರೆಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ನಿಕರ್‌ಬಾಕರ್ ಎಂಬ ತರುಣ ಸಂಶೋಧಕರು ನಾಯಿಯ ಎದೆಯ ಮೇಲೆ ಆಘಾತಯಂತ್ರದ ಹಿಡಿಗಳನ್ನು ಒತ್ತಿದಾಗ, ವಿದ್ಯುತ್ತು ಹರಿಯುವ ಮೊದಲೇ ಅದರ ರಕ್ತದೊತ್ತಡ ಸ್ವಲ್ಪ ಏರುವುದನ್ನು ಕಂಡರು. ಒತ್ತುವುದರಿಂದಲೇ ರಕ್ತ ಹರಿಯುವುದಾದರೆ ಒತ್ತುತ್ತಲೇ ಇರಬಾರದೇಕೆ? ಕೌವೆನ್‌ಹೋವೆನ್ ಮತ್ತು ಜೂಡ್ ಎಂಬುವರೊಡನೆ ಸೇರಿ ಅವರು ಈ ವಿಷಯವನ್ನು ಶೋಧಿಸಿ, 1960ರಲ್ಲಿ ಇಪ್ಪತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಹದಿನಾಲ್ವರು ಬದುಕಿದ್ದರು. ಇವರಲ್ಲಿ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರು ಎಂಬುದು ಗಮನಿಸತಕ್ಕ ಸಂಗತಿ. ಅದೇ ಕಾಲದಲ್ಲಿ ಪೀಟರ್ ಸಫಾರ್, ಜೇಮ್ಸ್ ಈಲಂ ಎಂಬ ವೈದ್ಯರು ಬಾಯಿಂದ ಬಾಯಿಗೆ ಉಸಿರೂಡುವ ಕ್ರಮವನ್ನು ಸಿದ್ಧಪಡಿಸಿದ್ದರು. ಈ ಎರಡೂ ಕೂಡಿ ಇಂದು ಸಿ.ಪಿ.ಆರ್. ಎಂದು ಹೆಸರಾಗಿರುವ ಕ್ರಿಯೆಯಾಯಿತು.

ಕಲಿಯುವುದಕ್ಕೆ ಬದುಕಿರುವ ಮನುಷ್ಯನ ಎದೆಯನ್ನು ಒತ್ತಲಾಗದಷ್ಟೆ. ನಾರ್ವೆ ದೇಶದ ಬೊಂಬೆ ತಯಾರಕರಾದ ಲೇರ್ಡಾಲ್ ಎಂಬುವರು 1960ರಲ್ಲಿ ಅಭ್ಯಾಸಕ್ಕೆಂದೇ ಆಳೆತ್ತರದ ಬೊಂಬೆಯೊಂದನ್ನು ಮಾಡಿದರು. ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ ಹೆಸರರಿಯದ ತರುಣಿಯೊಬ್ಬಳ ಮುಖದ ಅಚ್ಚನ್ನು ಆ ಬೊಂಬೆಗೆ ಇಟ್ಟರು. ಯಾರೂ ಉಳಿಸಲಾಗದ ಆ ಮುಖದ ಮುಂದೆ ಮೊಣಕಾಲೂರಿ ಲಕ್ಷಾಂತರ ಜನರು ಪ್ರಾಣ ಉಳಿಸುವುದನ್ನು ಕಲಿತಿದ್ದಾರೆ.

4. ವೈದ್ಯರ ಉನ್ನತ ಶಿಕ್ಷಣ

ಎದೆಯೊತ್ತುವುದು ಮೊದಲ ಮೆಟ್ಟಿಲು. ಅದರ ಮೇಲಿನ ಮೆಟ್ಟಿಲನ್ನು ಎ.ಸಿ.ಎಲ್.ಎಸ್. ಎನ್ನುತ್ತಾರೆ, ಹೃದಯ ಸಂಬಂಧವಾದ ಉನ್ನತ ಜೀವರಕ್ಷಣೆ ಎಂದು ಅದರ ಅರ್ಥ. ಅಮೆರಿಕದ ಹೃದಯ ಸಂಘವು ರೂಪಿಸಿದ ಈ ಶಿಕ್ಷಣವನ್ನು ಈಗ ಭಾರತದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕೊಡುತ್ತಾರೆ. ನಮ್ಮ ದೇಶದ ಅರಿವಳಿಕೆ ತಜ್ಞರು 2017ರಲ್ಲಿ ಭಾರತದ ಪರಿಸ್ಥಿತಿಗೆ ಒಪ್ಪುವ ಮೂರು ಮೆಟ್ಟಿಲುಗಳ ಕ್ರಮವನ್ನೂ ಪ್ರಕಟಿಸಿದರು: ಸಾಮಾನ್ಯ ಜನರಿಗೆ ಎದೆಯೊತ್ತುವಿಕೆ ಮಾತ್ರ, ಆಸ್ಪತ್ರೆಯ ಹೊರಗಿನ ಶಿಕ್ಷಿತ ಸಿಬ್ಬಂದಿಗೆ ಅದಕ್ಕಿಂತ ಹೆಚ್ಚಿನದು, ಆಸ್ಪತ್ರೆಯೊಳಗಿನ ವೈದ್ಯರಿಗೆ ಸಮಗ್ರವಾದದ್ದು.

ವೈದ್ಯಕೀಯ ಪದವಿಯನ್ನು ಪಡೆದವರಿಗೆ ಮತ್ತೆ ಪಾಠವೇಕೆ ಎಂದು ಮಕ್ಕಳು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಇಲ್ಲಿ ಯೋಚಿಸಿ ಪುಸ್ತಕ ತೆರೆಯಲು ಸಮಯವಿಲ್ಲ, ಕೈಯೇ ಯೋಚಿಸಬೇಕು. ಎರಡನೆಯದು, ಈ ಕೆಲಸವು ಒಬ್ಬರಿಂದಾಗುವಂಥದಲ್ಲ. ಒಬ್ಬರು ಎದೆಯೊತ್ತುತ್ತಾರೆ, ಒಬ್ಬರು ಉಸಿರು ಕೊಡುತ್ತಾರೆ, ಒಬ್ಬರು ಆಘಾತಯಂತ್ರವನ್ನು ನೋಡಿಕೊಳ್ಳುತ್ತಾರೆ, ಒಬ್ಬರು ರಕ್ತನಾಳದಲ್ಲಿ ಔಷಧ ಕೊಡುತ್ತಾರೆ, ಒಬ್ಬರು ಗಡಿಯಾರ ನೋಡಿ ಬರೆದಿಡುತ್ತಾರೆ. ಇವರೆಲ್ಲರ ನಡುವೆ ಒಬ್ಬ ಮುಂದಾಳು ಇರುತ್ತಾನೆ. ಅವನು “ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಡಿ” ಎಂದರೆ, ದಾದಿಯು ಆ ಮಾತನ್ನೇ ಹಿಂದಿರುಗಿ ನುಡಿದು, ಕೊಟ್ಟ ಮೇಲೆ “ಕೊಟ್ಟಾಯಿತು” ಎಂದು ಗಟ್ಟಿಯಾಗಿ ಹೇಳಬೇಕು. ಗೊಂದಲದಲ್ಲಿ ಒಂದು ಔಷಧವು ಎರಡು ಸಲ ಹೋಗಬಾರದು, ಒಮ್ಮೆಯೂ ಹೋಗದೆ ಉಳಿಯಲೂಬಾರದು. ಮುಂದಾಳು ತಪ್ಪಿದರೆ ಕಿರಿಯ ದಾದಿಯೂ ವಿನಯದಿಂದ ತಿದ್ದತಕ್ಕದ್ದೆಂದು ಕಲಿಸುತ್ತಾರೆ. ಇದು ರಂಪಣಿಯ ಹಗ್ಗದ ಪಾಠವೇ ಸರಿ.

ಶಿಕ್ಷಣವು ಸಾಮಾನ್ಯವಾಗಿ ಎರಡು ದಿನ ನಡೆಯುತ್ತದೆ. ಹೃದಯದ ವಿದ್ಯುತ್ತನ್ನು ಗೆರೆಗಳಾಗಿ ತೋರಿಸುವ ಇ.ಸಿ.ಜಿ.ಯನ್ನು ಓದುವುದು ಅದರ ಮುಖ್ಯ ಭಾಗ. ಈ ಯಂತ್ರಕ್ಕಾಗಿ ಡಚ್ ವಿಜ್ಞಾನಿ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಗೆರೆಯು ನಡುಗುತ್ತಿದ್ದರೆ, ಅಂದರೆ ಫಿಬ್ರಿಲೇಷನ್ ಇದ್ದರೆ, ವಿದ್ಯುದಾಘಾತ ಕೊಡಬೇಕು; ಅದು ಎಲ್ಲ ತಂತುಗಳನ್ನೂ ಒಮ್ಮೆ ಸುಮ್ಮನಾಗಿಸಿ, ಮೂಲಕೇಂದ್ರವು ಮತ್ತೆ ತಾಳ ಹಿಡಿಯಲು ಎಡೆಮಾಡಿಕೊಡುತ್ತದೆ. ಗೆರೆಯು ಪೂರ್ತಿ ಚಪ್ಪಟೆಯಾಗಿದ್ದರೆ ಆಘಾತದಿಂದ ಪ್ರಯೋಜನವಿಲ್ಲ. ಸಿನಿಮಾಗಳಲ್ಲಿ ಚಪ್ಪಟೆ ಗೆರೆಗೂ ಆಘಾತ ಕೊಡುವುದನ್ನು ತೋರಿಸುತ್ತಾರೆ. ಅದು ಕಥೆಯಲ್ಲಿ ಮಾತ್ರ ನಡೆಯುವ ಮಾತು. ಚಪ್ಪಟೆ ಗೆರೆಗೆ ಎದೆಯೊತ್ತುವಿಕೆ, ಮೂರರಿಂದ ಐದು ನಿಮಿಷಗಳಿಗೊಮ್ಮೆ ಅಡ್ರಿನಲಿನ್, ಅದರೊಂದಿಗೆ ಮೂಲಕಾರಣದ ಶೋಧನೆ. ಆಮ್ಲಜನಕ ಸಾಲದೇ ಹೋಯಿತೇ? ರಕ್ತ ಸೋರಿತೇ? ಪೊಟ್ಯಾಸಿಯಂ ಏರುಪೇರಾಯಿತೇ? ವಿಷವೇ? ಶ್ವಾಸಕೋಶಕ್ಕೆ ಹೆಪ್ಪು ಸಿಕ್ಕಿತೇ? ಕಾರಣವನ್ನು ಕಂಡು ಅದನ್ನು ಸರಿಪಡಿಸಿದರೆ ಮಾತ್ರ ಹೃದಯವು ನಿಲ್ಲದೆ ನಡೆದೀತು.

ಇಷ್ಟೆಲ್ಲ ನಡೆಯುವಾಗಲೂ ಎದೆಯೊತ್ತುವಿಕೆಯು ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಕೂಡದು. ಉನ್ನತವಾದ ವಿದ್ಯೆಯೆಲ್ಲ ಈ ಮೊದಲ ಮೆಟ್ಟಿಲಿನ ಮೇಲೆಯೇ ನಿಂತಿದೆ. ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಕೊಡುವ ಪ್ರಮಾಣಪತ್ರಕ್ಕೆ ಎರಡೇ ವರ್ಷ ಆಯುಸ್ಸು. ಅಭ್ಯಾಸವಿಲ್ಲದ ಕೈ ಕೆಲವೇ ತಿಂಗಳುಗಳಲ್ಲಿ ಮರೆಯತೊಡಗುವುದರಿಂದ, ದೊಡ್ಡ ವೈದ್ಯರಾದರೂ ಮತ್ತೆ ಬೊಂಬೆಯ ಮುಂದೆ ಕುಳಿತು ಪರೀಕ್ಷೆ ಕೊಡಬೇಕು. ಒಮ್ಮೆ ಪಾಸಾದ ಪಾಠವನ್ನು ಮುಟ್ಟದ ವಿದ್ಯಾರ್ಥಿಗಳು ಇದನ್ನು ಮನನ ಮಾಡತಕ್ಕದ್ದು.

5. ಗೋವೆಯಲ್ಲಿ

ವೈದ್ಯಶಿಕ್ಷಣಕ್ಕೆ ಗೋವೆಯು ಹೊಸ ನೆಲವಲ್ಲ. ಪೋರ್ಚುಗೀಸರ ಕಾಲದಲ್ಲಿ, 1842ರಲ್ಲಿಯೇ, ಇಲ್ಲಿ ವೈದ್ಯ-ಶಸ್ತ್ರಚಿಕಿತ್ಸಾ ಶಾಲೆಯು ಸ್ಥಾಪನೆಯಾಯಿತು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿಗಿಂತ ಇದು ಮೂರು ವರ್ಷ ಹಿರಿಯದು. 1961ರ ವಿಮೋಚನೆಯ ತರುವಾಯ, 1963ರಲ್ಲಿ, ಗೋವಾ ವೈದ್ಯಕೀಯ ಕಾಲೇಜು ರೂಪುಗೊಂಡಿತು. ಇಂದು ಬಾಂಬೋಲಿಯಲ್ಲಿರುವ ಆ ಕಾಲೇಜಿನ ಆಸ್ಪತ್ರೆಯು ಗೋವೆಯವರಿಗಷ್ಟೇ ಅಲ್ಲ, ಕಾರವಾರದ ಕಡೆಯ ಕನ್ನಡಿಗರಿಗೂ ಸಿಂಧುದುರ್ಗದ ಜನರಿಗೂ ಆಪತ್ಕಾಲದ ಆಸರೆಯಾಗಿದೆ.

ಆದರೆ ಕಾರವಾರದಿಂದ ಬಾಂಬೋಲಿಗೆ ತೊಂಬತ್ತು-ನೂರು ಕಿಲೋಮೀಟರು ದಾರಿ. ಕಾಣಕೋಣದಿಂದಲೂ ಸತ್ತರಿಯಿಂದಲೂ ಗಂಟೆಗಟ್ಟಲೆ ಪಯಣ. ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. ಈ ಕಷ್ಟವನ್ನು ನಿವಾರಿಸಲು 2018ರ ಅನಂತರದ ವರ್ಷಗಳಲ್ಲಿ ಗೋವಾ ಸರಕಾರವು ‘ಸ್ಟೆಮಿ ಗೋವಾ’ ಎಂಬ ಯೋಜನೆಯನ್ನು ನಡೆಯಿಸಿಕೊಂಡು ಬಂದಿದೆ. ಬಂಡಿಯ ಚಕ್ರದಲ್ಲಿ ನಡುವೆ ಗುಂಬವೂ ಸುತ್ತ ಅರೆಕಾಲುಗಳೂ ಇರುವಂತೆ, ನಡುವೆ ಬಾಂಬೋಲಿಯ ದೊಡ್ಡಾಸ್ಪತ್ರೆ, ಸುತ್ತ ಊರೂರಿನ ಆರೋಗ್ಯಕೇಂದ್ರಗಳು. ಎದೆನೋವೆಂದು ಬಂದವರ ಇ.ಸಿ.ಜಿ.ಯನ್ನು ಹತ್ತಿರದ ಕೇಂದ್ರದಲ್ಲಿಯೇ ತೆಗೆದು ತಂತ್ರಜಾಲದ ಮೂಲಕ ಕಳುಹಿಸುತ್ತಾರೆ. ಅದನ್ನು ಓದುವ ಕಾರ್ಯದಲ್ಲಿ ಬೆಂಗಳೂರಿನ ಟ್ರೈಕಾಗ್ ಸಂಸ್ಥೆಯು ನೆರವಾಗಿದೆ. ನಾಳ ಮುಚ್ಚಿದೆಯೆಂದು ತಿಳಿದರೆ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು ಬಳಿಕ ದೊಡ್ಡಾಸ್ಪತ್ರೆಗೆ ಒಯ್ಯುತ್ತಾರೆ. ಕರ್ನಾಟಕದಲ್ಲಿಯೂ ಇದೇ ಬಗೆಯ ಯೋಜನೆಗೆ, 2021ರ ಅಕ್ಟೋಬರ್ 29ರಂದು ನಲವತ್ತಾರರ ವಯಸ್ಸಿನಲ್ಲಿಯೇ ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನಿಟ್ಟು, 2023ರಲ್ಲಿ ‘ಹೃದಯ ಜ್ಯೋತಿ’ಯನ್ನು ಆರಂಭಿಸಿದರು.

ಇಂತಹ ಚಿಕ್ಕ ಕೇಂದ್ರದಲ್ಲಿ ರೋಗಿಯ ಹೃದಯವು ಹಠಾತ್ತನೆ ನಿಂತರೆ ತಜ್ಞರು ಅಲ್ಲಿರುವುದಿಲ್ಲ. ಇರುವವರು ಒಬ್ಬ ವೈದ್ಯರು, ಒಬ್ಬಿಬ್ಬರು ದಾದಿಯರು. ಅವರು ಮೇಲೆ ಹೇಳಿದ ಶಿಕ್ಷಣವನ್ನು ಪಡೆದಿರುವುದು ಎಷ್ಟು ಅಗತ್ಯವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಅಂತೆಯೇ 2008ರಲ್ಲಿ ಗೋವೆಗೆ ಬಂದ 108ರ ವಾಹನಗಳ ಸಿಬ್ಬಂದಿಯೂ, ಅದೇ ವರ್ಷದಿಂದ ಕಡಲತೀರಗಳನ್ನು ಕಾಯುತ್ತಿರುವ ದೃಷ್ಟಿ ಸಂಸ್ಥೆಯ ಜೀವರಕ್ಷಕರೂ ಪ್ರಾಣರಕ್ಷಣೆಯಲ್ಲಿ ತರಬೇತು ಪಡೆದವರು.

6. ವೈದ್ಯರು ಬರುವ ಮುನ್ನ

ಆದರೂ ಮನೆಯಲ್ಲಿ, ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ಬಿದ್ದವರ ಪಕ್ಕದಲ್ಲಿ ಮೊದಲು ಇರುವವರು ವೈದ್ಯರಲ್ಲ. ಹೆಂಡತಿ, ಮಗ, ಮಗಳು, ಜೊತೆಗೆಲಸದವರು. ಆ ಮೊದಲ ನಿಮಿಷಗಳು ಅವರವು. ಆದಕಾರಣ ಈ ಕೆಳಗಿನ ಕ್ರಮವನ್ನು ಎಲ್ಲರೂ ಅರಿತಿರತಕ್ಕದ್ದು.

ಮೊದಲು ಸ್ಥಳವು ಅಪಾಯರಹಿತವೇ ಎಂದು ನೋಡಬೇಕು. ವಿದ್ಯುತ್ತು ತಗಲಿದ್ದರೆ ಮುಖ್ಯ ಗುಂಡಿಯನ್ನು ಆರಿಸದೆ ಮುಟ್ಟಬಾರದು. ಬಿದ್ದವರ ಭುಜವನ್ನು ತಟ್ಟಿ ಗಟ್ಟಿಯಾಗಿ ಕೂಗಬೇಕು. ಉತ್ತರವಿಲ್ಲದೆ, ಸರಿಯಾದ ಉಸಿರೂ ಇಲ್ಲದಿದ್ದರೆ ಒಬ್ಬರನ್ನು ಕರೆದು 108ಕ್ಕೆ ಫೋನು ಮಾಡಿಸಬೇಕು. “ಯಾರಾದರೂ ಮಾಡಿ” ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರ ಕಡೆಗೆ ಕೈತೋರಿಸಿ ಹೇಳಬೇಕು.

ಬಳಿಕ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದನ್ನು ಇಡಬೇಕು. ಮೊಣಕೈ ಮಡಿಸದೆ, ಮೈಭಾರವನ್ನೆಲ್ಲ ಬಿಟ್ಟು, ಐದರಿಂದ ಆರು ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಪ್ರತಿ ಸಲವೂ ಎದೆಯು ಪೂರ್ತಿ ಮೇಲೇಳಲು ಬಿಡಬೇಕು. ಹಾಗೆ ಬಿಟ್ಟಾಗಲೇ ಹೃದಯದೊಳಗೆ ರಕ್ತ ತುಂಬುವುದು. ಈ ಕೆಲಸವು ಬಹಳ ದಣಿಸುತ್ತದೆ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿಕೊಳ್ಳುತ್ತ, ಸಹಾಯ ಬರುವವರೆಗೆ ನಿಲ್ಲಿಸದೆ ನಡೆಯಿಸಬೇಕು.

ಬಾಯಿಂದ ಉಸಿರೂಡುವುದನ್ನು ಕಲಿಯದವರು ಎದೆಯನ್ನಾದರೂ ಒತ್ತಲಿ. ಆದರೆ ನೀರಿನಲ್ಲಿ ಮುಳುಗಿದವರಿಗೂ ಚಿಕ್ಕ ಮಕ್ಕಳಿಗೂ ಉಸಿರಿನ ಕೊರತೆಯೇ ಮೂಲವಾಗಿರುವುದರಿಂದ, ಕಲಿತವರು ಉಸಿರನ್ನೂ ಕೊಡಬೇಕು. ಮೂವತ್ತು ಸಲ ಒತ್ತಿ ಎರಡು ಉಸಿರು ಎಂಬುದು ದೊಡ್ಡವರಿಗೆ ಕ್ರಮ. ಮುಳುಗಿದವರನ್ನು ತಲೆಕೆಳಗು ಮಾಡಿ ತಿರುಗಿಸುವ ಹಳೆಯ ಪದ್ಧತಿಯಿಂದ ಹಾನಿಯೇ ಹೆಚ್ಚು.

ಪಾಲಕರಿಗೆ ಒಂದು ಮಾತು. ಎದೆ ಭಾರವಾದಾಗ “ವಾಯು ಆಗಿದೆ” ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಬೆಳಗಾಗಲೆಂದು ಮಲಗುವ ವಾಡಿಕೆ ನಮ್ಮಲ್ಲಿದೆ. ಒಂದು ದಿನದ ಕೂಲಿ ತಪ್ಪೀತೆಂಬ ಚಿಂತೆಯೂ ಇದಕ್ಕೆ ಕಾರಣವೆಂಬುದನ್ನು ನಾವು ಬಲ್ಲೆವು. ಆದರೆ ಇ.ಸಿ.ಜಿ. ತೆಗೆಯಲು ಬೇಕಾಗುವುದು ಕೆಲವೇ ನಿಮಿಷ. ವಾಯುವಾಗಿದ್ದರೆ ನಗುತ್ತ ಮನೆಗೆ ಬರಬಹುದು. ಹೃದಯವಾಗಿದ್ದರೆ ಮನೆಗೆ ಬರುವ ದಾರಿ ಅದೊಂದೇ.

7. ಶಾಲೆಯ ಕರ್ತವ್ಯ

ಹನ್ನೆರಡು ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆಯಾದರೂ ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿಸಬೇಕೆಂಬ ಸೂಚನೆಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಮ್ಮತಿ ಕೊಟ್ಟಿತು. 2018ರಿಂದ ಅಕ್ಟೋಬರ್ 16ನೆಯ ದಿನವನ್ನು ಲೋಕದೆಲ್ಲೆಡೆ ಇದರ ಕಲಿಕೆಗೆಂದು ಆಚರಿಸುತ್ತಾರೆ. ಎರಡು ಗಂಟೆಯೆಂದರೆ ಒಂದು ಚಲನಚಿತ್ರದ ಹೊತ್ತೂ ಅಲ್ಲ.

ಸತ್ಯವನ್ನು ಮರೆಮಾಚಬಾರದು. ಎಷ್ಟು ಚೆನ್ನಾಗಿ ಮಾಡಿದರೂ ಬಹುಮಂದಿ ಉಳಿಯುವುದಿಲ್ಲ. ಒತ್ತುವಾಗ ಪಕ್ಕೆಲುಬು ಮುರಿಯುವುದೂ ಉಂಟು. ಆದರೆ ಮುರಿದ ಎಲುಬು ಕೂಡೀತು. ನಿಂತ ಹೃದಯವನ್ನು ಮುಟ್ಟದೆ ಬಿಟ್ಟರೆ ಅದು ತಾನಾಗಿ ನಡೆಯದು. ಆ ಮದುವೆಯ ಮಂಟಪದಲ್ಲಿ ನಮ್ಮ ಕೈಗಳು ಸುಮ್ಮನಿದ್ದುದು ನಿರ್ದಯೆಯಿಂದಲ್ಲ, ಅಜ್ಞಾನದಿಂದ. ಅಜ್ಞಾನಕ್ಕೆ ಔಷಧವಿರುವುದು ಶಾಲೆಯಲ್ಲಿಯೇ ಅಲ್ಲವೇ?

ಅಭ್ಯಾಸ

1. ಹೃದಯಾಘಾತಕ್ಕೂ ಹೃದಯಸ್ತಂಭನಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮನೆಯ ಹಿರಿಯರಿಗೆ ಅರ್ಥವಾಗುವಂತೆ ಹೇಳಿರಿ.

2. ಕುಳಿತಿರುವಾಗಲೂ, ಮೈದಾನವನ್ನು ಒಂದು ಸುತ್ತು ಓಡಿದ ಮೇಲೆಯೂ ನಿಮ್ಮ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆಯಿರಿ.

3. ಗಡಿಯಾರವನ್ನು ನೋಡುತ್ತ, ಗಟ್ಟಿಯಾದ ದಿಂಬನ್ನು ನಿಮಿಷಕ್ಕೆ 110 ಸಲ ಒತ್ತಿ ನೋಡಿರಿ. ಎಷ್ಟು ಹೊತ್ತಿಗೆ ದಣಿದಿರಿ? ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸುವುದೇಕೆಂದು ಈಗ ಹೇಳಿರಿ.

4. ನಿಮ್ಮ ಮನೆಗೆ ಅತಿ ಹತ್ತಿರದ ಆರೋಗ್ಯಕೇಂದ್ರವು ಯಾವುದು? ರಾತ್ರಿಯಲ್ಲಿ ಅಲ್ಲಿಗೆ ಹೋಗುವ ದಾರಿಯನ್ನು ಪಾಲಕರೊಡನೆ ಗೊತ್ತುಮಾಡಿಕೊಂಡು, 108 ಎಂಬ ಸಂಖ್ಯೆಯೊಂದಿಗೆ ಬಾಗಿಲಿನ ಹಿಂದೆ ಬರೆದಂಟಿಸಿರಿ.